ಪ್ರಾಕ್ಟೀಸಿನಲ್ಲಿ ಗೆಲ್ಲುವ ಹುಡುಗ ಟೂರ್ನಮೆಂಟಿನಲ್ಲಿ ಯಾಕೆ ಸೋಲುತ್ತಾನೆ?

ನಿಮ್ಮ ಮಗ ಪ್ರಾಕ್ಟೀಸಿನಲ್ಲಿ ಚೆನ್ನಾಗಿ ಬ್ಯಾಡ್ಮಿಂಟನ್ ಆಡುತ್ತಾನೆ, ಟೂರ್ನಮೆಂಟಿನಲ್ಲಿ ಕೈ ನಡುಗುತ್ತದೆ, ಕಾನ್ಫಿಡೆನ್ಸ್ ಬೆಳೆಸುವುದು ಹೇಗೆ ಎಂದು ಕೇಳಿದ್ದೀರಿ. ನಾನು ಮಕ್ಕಳಿಗೆ ಇದೇ ಆಟ ಕಲಿಸುತ್ತೇನೆ. ನನ್ನ ಅಭಿಪ್ರಾಯ ಇಷ್ಟು: ಕಾನ್ಫಿಡೆನ್ಸನ್ನೇ ಹಿಡಿದು ಬೆಳೆಸಲು ಹೋಗಬೇಡಿ. ಆಟ ಕೈಕೊಟ್ಟಾಗ ಏನು ಮಾಡಬೇಕು ಅನ್ನುವುದನ್ನು ಅವನಿಗೆ ಅಭ್ಯಾಸ ಮಾಡಿಸಿ. ಧೈರ್ಯ ಅದರ ಹಿಂದೆಯೇ ಬರುತ್ತದೆ.

ರೈಫಲ್ ಶೂಟರ್ ಅಭಿನವ್ ಬಿಂದ್ರಾ ಅವರನ್ನೇ ನೋಡಿ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮೂರನೆಯವರಾಗಿ ಫೈನಲ್‌ಗೆ ಹೋಗಿ ಏಳನೆಯವರಾದರು. ಕಾಲಡಿಯ ಟೈಲ್ ಸಡಿಲವಾಗಿತ್ತು ಎಂದು ಆಮೇಲೆ ಗೊತ್ತಾಯಿತು. ಅವರು ಅದನ್ನೇ ಗೊಣಗುತ್ತಾ ಕೂರಲಿಲ್ಲ. ಸಡಿಲ ಟೈಲ್ ಹಾಕಿಸಿಕೊಂಡು, ಬೆಳಕು ಕಮ್ಮಿ ಮಾಡಿಕೊಂಡು ಅಭ್ಯಾಸ ಮಾಡಿದರು. 2008ರಲ್ಲಿ ಬೀಜಿಂಗ್ ಫೈನಲ್‌ಗೆ ಮುಂಚಿನ ಪರೀಕ್ಷಾ ಹೊಡೆತದಲ್ಲಿ ಹತ್ತು ಬೀಳಬೇಕಾದ ಕಡೆ ನಾಲ್ಕು ಬಿತ್ತು. ರೈಫಲ್ಲಿನಲ್ಲಿ ಗುರಿ ನೋಡುವ ಭಾಗ, ಅಂದರೆ ಸೈಟ್, ಕದಲಿತ್ತು. ಇರುವ ಸ್ವಲ್ಪ ಸಮಯದಲ್ಲೇ ಅದನ್ನು ಸರಿ ಮಾಡಿಕೊಂಡರು. ಕೊನೆಯ ಹೊಡೆತಕ್ಕೆ ಬರುವಾಗ ಫಿನ್ಲೆಂಡಿನ ಹಕಿನೆನ್ ಜೊತೆ ಸರಿಸಮ. ಅಲ್ಲಿ ಬಿಂದ್ರಾ 10.8 ಹೊಡೆದರು. ಒಲಿಂಪಿಕ್ಸ್‌ನಲ್ಲಿ ಭಾರತದವರೊಬ್ಬರು ವೈಯಕ್ತಿಕ ಸ್ಪರ್ಧೆಯಲ್ಲಿ ಗೆದ್ದ ಮೊದಲ ಚಿನ್ನ ಅದು.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಬರೆದಿದ್ದಾರೆ: ‘ನನ್ನಿಂದಾಗುತ್ತದೆ’ ಅನ್ನುವ ನಂಬಿಕೆಗೆ ಎಲ್ಲಕ್ಕಿಂತ ಗಟ್ಟಿ ಬುನಾದಿ, ಹಿಂದೆ ತಾನೇ ಮಾಡಿ ಸಾಧಿಸಿರುವುದು. ಬೇರೆಯವರು ಹೇಳುವ ಮಾತಿಗೆ ಅಷ್ಟು ಬಲವಿಲ್ಲ. ಸುಮ್ನೆ ‘ನಿನ್ ಕೈಲಿ ಆಗುತ್ತೆ ಕಣೋ’ ಅಂದರೆ ಎರಡು ಪಾಯಿಂಟ್ ಹೋಗುವಷ್ಟರಲ್ಲಿ ಅದು ಇಳಿದುಹೋಗುತ್ತದೆ.

‘ಹೆದರಬೇಡ’ ಅಂತಲೂ ಹೇಳಬೇಡಿ. 2003ರಲ್ಲಿ ವುಡ್‌ಮನ್ ಮತ್ತು ಹಾರ್ಡಿ ಎಂಬ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ನಂಟೇ ಇಲ್ಲದಿದ್ದರೆ 0, ಪೂರ್ತಿ ನಂಟಿದ್ದರೆ 1 ಅನ್ನುವ ಅಳತೆಯಲ್ಲಿ ಆತ್ಮವಿಶ್ವಾಸಕ್ಕೂ ಪ್ರದರ್ಶನಕ್ಕೂ ಇರುವ ನಂಟು 0.24. ಮನಸ್ಸಿನ ಆತಂಕದ ನಂಟು ಮೈನಸ್ 0.10 ಮಾತ್ರ (ಮೈನಸ್ ಅಂದರೆ ಒಂದು ಹೆಚ್ಚಿದಂತೆ ಇನ್ನೊಂದು ಇಳಿಯುವುದು). ಅಂದರೆ ಭಯ ನಾವು ಅಂದುಕೊಂಡಷ್ಟು ಆಟ ಕೆಡಿಸುವುದಿಲ್ಲ. ಕಾನ್ಫಿಡೆನ್ಸ್ ಮುಖ್ಯವೇ, ಆದರೆ ಅದೊಂದೇ ಆಟ ಗೆಲ್ಲಿಸುವುದೂ ಇಲ್ಲ.

ನನ್ನ ಕೋರ್ಟಿನಲ್ಲಿ 21 ಪಾಯಿಂಟಿನ ಗೇಮನ್ನು 17-19ರಿಂದ ಶುರು ಮಾಡಿಸುತ್ತೇನೆ, ಹಿಂದಿರುವವನು ಗೆದ್ದು ತೋರಿಸಬೇಕು. ಉಳಿದ ಮಕ್ಕಳು ಪಕ್ಕದಲ್ಲಿ ನಿಂತು ಕೂಗುತ್ತಾರೆ. ಒಳಗೆ ಬಿದ್ದ ಶಟಲನ್ನು ಬೇಕಂತಲೇ ಔಟ್ ಕೊಡುತ್ತೇನೆ. ಮೊದಮೊದಲು ಮಕ್ಕಳಿಗೆ ಅಳುವೇ ಬರುತ್ತದೆ. ಬರಬರುತ್ತಾ ಎರಡು ಸಂಗತಿ ಬೇರೆ ಮಾಡಲು ಕಲಿಯುತ್ತಾರೆ. ಗಾಳಿಗೆ ಶಟಲ್ ತೇಲಿ ಹೋಗುತ್ತಿದ್ದರೆ ಹೊಡೆತ ಬದಲಿಸಬಹುದು. ಅಂಪೈರ್ ಕೊಟ್ಟ ತೀರ್ಪನ್ನು ಬದಲಿಸಲಾಗದು, ಅಲ್ಲಿ ಸಮಾಧಾನ ಮಾಡಿಕೊಳ್ಳಬೇಕಾದ್ದು ನಮ್ಮ ಮನಸ್ಸನ್ನೇ. ನಾನು ನೋಡಿದ ಮಟ್ಟಿಗೆ, ಜಾಸ್ತಿ ಮ್ಯಾಚ್ ಕೈಬಿಡುವುದು ಈ ಎರಡನ್ನು ಕಲಸಿಕೊಂಡಾಗ. ಮಗು ಹೋದ ಪಾಯಿಂಟನ್ನೇ ನೆನೆಯುತ್ತಾ ಮುಂದಿನ ನಾಲ್ಕನ್ನು ಬಿಟ್ಟುಕೊಡುತ್ತದೆ.

ಅದಕ್ಕೇ ರ‍್ಯಾಲಿಗಳ ನಡುವೆ ಮಾಡಲು ಅವನಿಗೊಂದು ಪುಟ್ಟ ಕೆಲಸ ಕೊಡಿ. ರ‍್ಯಾಕೆಟ್ಟಿನ ದಾರ ನೋಡು, ನಿಧಾನವಾಗಿ ಉಸಿರು ಬಿಡು, ಮುಂದಿನ ಸರ್ವ್ ಎಲ್ಲಿಗೆ ಅಂತ ತೀರ್ಮಾನ ಮಾಡು. ಕೈ ನಡುಗುತ್ತಿದ್ದರೂ ಇಷ್ಟನ್ನು ಮಾಡಬಹುದು, ಅಲ್ವಾ?

ನೀವು ಮಾಡಬೇಕಾದ್ದೂ ಒಂದಿದೆ. ಸೋತು ಮನೆಗೆ ಬರುವ ದಾರಿಯಲ್ಲಿ ‘ಆ ಪಾಯಿಂಟ್ ಯಾಕೆ ಬಿಟ್ಟೆ?’ ಅನ್ನಬೇಡಿ. ‘ಹಿಂದೆ ಬಿದ್ದಾಗ ಏನು ಮಾಡಿ ನೋಡಿದೆ?’ ಎಂದು ಕೇಳಿ. ಟೂರ್ನಮೆಂಟ್ ಹತ್ತಿರ ಬಂದಾಗೆಲ್ಲ ನಿದ್ದೆ, ಊಟ ಬಿಡುತ್ತಿದ್ದರೆ ಮಾತ್ರ ಇದನ್ನು ನನ್ನಂಥ ಕೋಚ್‌ಗೆ ಬಿಡದೆ ಕ್ರೀಡಾ ಮನಶ್ಶಾಸ್ತ್ರಜ್ಞರಿಗೆ ತೋರಿಸಿ.