ಥೈರಾಯ್ಡ್ ಮಾತ್ರೆ ಮತ್ತು ಇಳಿಯದ ತೂಕ

ಪ್ರಶ್ನೆ: ನನಗೆ 38 ವರ್ಷ. ಥೈರಾಯ್ಡ್ ಕೊರತೆಗೆ ಎರಡು ವರ್ಷಗಳಿಂದ 75 ಮೈಕ್ರೋಗ್ರಾಂ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್) ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಟಿಎಸ್ಎಚ್ (ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನಿನ ರಕ್ತಪರೀಕ್ಷೆ) ಈಗ 2.8 ಇದೆ. ಆದರೂ ಹೆಚ್ಚಾದ 12 ಕಿಲೋ ತೂಕ ಇಳಿದಿಲ್ಲ. ಮಾತ್ರೆಯ ಪ್ರಮಾಣ ಹೆಚ್ಚಿಸಿಕೊಳ್ಳಬಹುದೇ? ಎಲೆಕೋಸು ಬಿಡಬೇಕೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ನೀವಾಗಿಯೇ ಪ್ರಮಾಣ ಹೆಚ್ಚಿಸಬೇಡಿ. ನಿಮ್ಮಂತೆ ಟಿಎಸ್ಎಚ್ ಸರಿಯಾದ ಮಿತಿಯಲ್ಲಿರುವಾಗ ಹೆಚ್ಚುವರಿ ಹಾರ್ಮೋನ್ ಸೇವಿಸಿದರೆ ಸ್ನಾಯು ಮತ್ತು ಮೂಳೆ ಸವೆಯಬಹುದು, ಹೃದಯದ ಬಡಿತವೂ ಲಯ ತಪ್ಪಬಹುದು. ಥೈರಾಯ್ಡ್ ಕೊರತೆಯೊಂದರಿಂದಲೇ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕಿಲೋ ಮಾತ್ರ. ಅದರಲ್ಲೂ ಬಹುಪಾಲು ದೇಹದಲ್ಲಿ ನಿಂತ ಉಪ್ಪು ಮತ್ತು ನೀರಾಗಿರುತ್ತದೆ. ಆದ್ದರಿಂದ ಉಳಿದ ತೂಕಕ್ಕೆ ಕಾರಣವನ್ನು ಊಟ, ನಿದ್ರೆ, ಚಟುವಟಿಕೆಗಳಲ್ಲಿ ಹುಡುಕಬೇಕಾಗುತ್ತದೆ. ಇದನ್ನು ನಿಮ್ಮ ತಪ್ಪೆಂದು ನಾನು ಹೇಳುತ್ತಿಲ್ಲ. ಕಾಯಿಲೆಯ ದಿನಗಳ ದಣಿವಿನಲ್ಲಿ ಓಡಾಟ ಕಡಿಮೆಯಾಗುವುದು ತೀರಾ ಸಹಜ.

ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ನುಂಗಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಿರಿ. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಗಳಿದ್ದರೆ ನಾಲ್ಕು ಗಂಟೆಗಳ ಅಂತರವಿರಲಿ. ಬೇಯಿಸಿದ ಎಲೆಕೋಸನ್ನು ಮಿತವಾಗಿ ತಿನ್ನಬಹುದು. ಮುದ್ದೆಯಾಗಲಿ ಅನ್ನವಾಗಲಿ ಬಿಡಬೇಕಿಲ್ಲ, ಆದರೆ ಅದರ ಅಳತೆ ಇಳಿಸಿ, ಕಾಳು, ಸೊಪ್ಪು, ಮಜ್ಜಿಗೆ ಹೆಚ್ಚಿಸಿ. ದಿನಕ್ಕೆ ಮೂರು ನಾಲ್ಕು ಬಾರಿಯ ಸಕ್ಕರೆ ಕಾಫಿಯ ಲೆಕ್ಕವನ್ನೂ ನೋಡಿ. ನಡಿಗೆಯ ಜೊತೆಗೆ ವಾರಕ್ಕೆರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿದರೆ ತಿಂಗಳಿಗೆ ಒಂದೆರಡು ಕಿಲೋ ಇಳಿಯಬಹುದು. ವೈದ್ಯರು ಪ್ರಮಾಣ ಬದಲಿಸಿದರೆ 6ರಿಂದ 8 ವಾರಗಳ ನಂತರ ಟಿಎಸ್ಎಚ್ ಮತ್ತೆ ಪರೀಕ್ಷಿಸಿಕೊಳ್ಳಿ.