ಬಾಲನಟ ಮುಂದೆ ನಾಯಕನಟನಾಗಬಹುದೇ?

ಮೈಸೂರಿನ ತಂದೆಯೊಬ್ಬರ ಪ್ರಶ್ನೆ: ಹತ್ತು ವರ್ಷದ ಮಗನಿಗೆ ಸಿನಿಮಾದಲ್ಲಿ ಪಾತ್ರ ಸಿಕ್ಕಿದೆ, ಮುಂದೆ ನಾಯಕನಾಗುತ್ತಾನೆಯೇ?

ಆಗಬಹುದು. ಆದರೆ ನಡುವಿನ ವರ್ಷಗಳನ್ನು ದಾಟುವುದೇ ಕಷ್ಟ. ‘ಬೆಟ್ಟದ ಹೂವು’ (1985) ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಪುನೀತ್ ರಾಜ್‌ಕುಮಾರ್ ನಾಯಕರಾಗಿ ಬಂದದ್ದು 2002ರಲ್ಲಿ, ‘ಅಪ್ಪು’ ಮೂಲಕ. ‘ಕೊಟ್ರೇಶಿ ಕನಸು’ ಚಿತ್ರಕ್ಕೆ ಅದೇ ಪ್ರಶಸ್ತಿ ಗೆದ್ದ ವಿಜಯ್ ರಾಘವೇಂದ್ರ ಅವರೂ ಅದೇ ವರ್ಷ ‘ನಿನಗಾಗಿ’ ಚಿತ್ರದಿಂದ ನಾಯಕರಾದರು. ಇಬ್ಬರದೂ ಚಿತ್ರರಂಗದ ನಂಟಿರುವ ಮನೆ ಎಂಬುದನ್ನು ಮಾತ್ರ ಮರೆಯಬೇಡಿ. ಹೊರಗಿನ ಹುಡುಗನಿಗೆ ದನಿ ಒಡೆದು ಮೀಸೆ ಚಿಗುರಿದರೆ ಅತ್ತ ಮಗುವೂ ಅಲ್ಲ, ಇತ್ತ ನಾಯಕನೂ ಅಲ್ಲ, ಕರೆಯುವವರೇ ಇರುವುದಿಲ್ಲ.

ಆ ಕಾಲಕ್ಕೆ ರಂಗಭೂಮಿಯೇ ಆಸರೆ. ನಿಮ್ಮೂರಿನಲ್ಲೇ ರಂಗಾಯಣವಿದೆ, ಬೇಸಿಗೆಯ ಚಿಣ್ಣರ ಮೇಳಕ್ಕೆ ಸೇರಿಸಿ. ಕ್ಯಾಮೆರಾ ಮುದ್ದು ಮುಖವನ್ನು ಮೆಚ್ಚೀತು, ಕೊನೆಯ ಸಾಲಿಗೆ ಮಾತು ಮುಟ್ಟಿಸುವುದನ್ನು ವೇದಿಕೆಯೇ ಕಲಿಸಬೇಕು. ಶಾಲೆಯನ್ನಂತೂ ಬಿಡಿಸಲೇಬೇಡಿ.

ಸಹಿ ಹಾಕುವ ಮುನ್ನ ನಿಯಮ ತಿಳಿದಿರಲಿ: ಹದಿನಾಲ್ಕು ತುಂಬದ ಮಕ್ಕಳನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ನಿರ್ಮಾಪಕರು ಜಿಲ್ಲಾಧಿಕಾರಿಗಳ ಅನುಮತಿ ಪಡೆದಿರಬೇಕು. ಸಂಭಾವನೆಯಲ್ಲಿ ಕನಿಷ್ಠ ಶೇ 20ರಷ್ಟನ್ನು ಮಗುವಿನ ಹೆಸರಿನಲ್ಲೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು.