ಕ್ರಿಯಾಪದದ ನಂತರ ‘ಟು’ ಬರಬೇಕೋ ‘ಇಂಗ್’ ಬರಬೇಕೋ?

‘ಐ ವಾಂಟ್ ಟು ರೀಡ್’ ಸರಿಯಾದರೆ ‘ಐ ಎಂಜಾಯ್ ಟು ರೀಡ್’ ಏಕೆ ತಪ್ಪು, ಇನ್ಫಿನಿಟಿವ್ (‘ಟು ರೀಡ್’ನಂಥ ರೂಪ) ಮತ್ತು ಜೆರಂಡ್‌ಗಳ (‘ರೀಡಿಂಗ್’ನಂಥ ‘ಇಂಗ್’ ರೂಪ) ಆಯ್ಕೆಗೆ ಒಂದೇ ನಿಯಮ ಇದೆಯೇ ಎಂದು ನೀವು ಕೇಳಿದ್ದೀರಿ. ಅಂಥ ಒಂದೇ ನಿಯಮ ಇಲ್ಲ. ಯಾವ ರೂಪ ಬರಬೇಕೆಂಬುದನ್ನು ಹೆಚ್ಚಿನ ಸಂದರ್ಭಗಳಲ್ಲಿ ಮೊದಲು ಬರುವ ಕ್ರಿಯಾಪದವೇ ನಿರ್ಧರಿಸುತ್ತದೆ. ಆದರೆ ಕನ್ನಡ ಬಲ್ಲವರಿಗೆ ಇಲ್ಲಿ ಒಂದು ಅನುಕೂಲವಿದೆ. ನಾನು ನೋಡಿರುವ ಶಾಲಾ ವ್ಯಾಕರಣಗಳು ಪಟ್ಟಿಗಳನ್ನು ಕೊಡುತ್ತವೆಯೇ ಹೊರತು ಆ ಅನುಕೂಲವನ್ನು ಬಳಸಿಕೊಳ್ಳುವುದಿಲ್ಲ.

ನಮ್ಮಲ್ಲೂ ‘ಓದಲು’ ಅಥವಾ ‘ಓದಲಿಕ್ಕೆ’ ಎಂಬ ರೂಪ ಬೇರೆ, ‘ಓದುವುದು’, ‘ಓದಿದ್ದು’ ಎಂಬ ರೂಪಗಳು ಬೇರೆ. ‘ಹೀ ಸ್ಟಾಪ್ಡ್ ಸ್ಮೋಕಿಂಗ್’ ಎಂದರೆ ಅವನು ಸಿಗರೇಟು ಸೇದುವುದನ್ನು ನಿಲ್ಲಿಸಿದ. ‘ಹೀ ಸ್ಟಾಪ್ಡ್ ಟು ಸ್ಮೋಕ್’ ಎಂದರೆ ನಡೆದು ಹೋಗುತ್ತಿದ್ದವನು ಸಿಗರೇಟು ಸೇದಲು ನಿಂತ. ‘ರಿಮೆಂಬರ್ ಟು ಲಾಕ್ ದ ಡೋರ್’ ಎಂಬುದು ಬೀಗ ಹಾಕಲು ಮರೆಯಬೇಡ ಎಂಬ ಸೂಚನೆ. ‘ಐ ರಿಮೆಂಬರ್ ಲಾಕಿಂಗ್ ಇಟ್’ ಎಂದಾಗ ಬೀಗ ಹಾಕಿದ್ದು ನೆನಪಿದೆ ಎಂದರ್ಥ. ಕಚೇರಿ ಪತ್ರಗಳಲ್ಲಿ ಕಾಣುವ ‘ವಿ ರಿಗ್ರೆಟ್ ಟು ಇನ್ಫಾರ್ಮ್ ಯೂ’ ಎಂಬುದು ತಿಳಿಸಲು ವಿಷಾದಿಸುತ್ತೇವೆ ಎಂಬ ಶಿಷ್ಟಾಚಾರದ ಮಾತು. ‘ಐ ರಿಗ್ರೆಟ್ ಟೆಲಿಂಗ್ ಹಿಮ್’ ಎಂಬುದಾದರೋ ಅವನಿಗೆ ಹೇಳಿದ್ದಕ್ಕೆ ಪಡುವ ನಿಜವಾದ ಪಶ್ಚಾತ್ತಾಪ. ಈ ಮೂರು ಜೋಡಿಗಳಲ್ಲೂ ‘ಅಲು’ ಬರುವ ಕಡೆ ‘ಟು’ ಬಂದಿದೆ, ‘ಉವುದು’, ‘ಇದ್ದು’ ಬರುವ ಕಡೆ ‘ಇಂಗ್’ ಬಂದಿದೆ.

‘ಟ್ರೈ’ ಎಂಬ ಕ್ರಿಯಾಪದದ ವಿಷಯದಲ್ಲಿ ನಮ್ಮ ಭಾಷೆ ಇನ್ನೂ ಸ್ಪಷ್ಟವಾಗಿದೆ ಎಂದು ನನಗೆ ಅನ್ನಿಸುತ್ತದೆ. ‘ಐ ಟ್ರೈಡ್ ಟು ಲಿಫ್ಟ್ ದ ಬಾಕ್ಸ್’ ಎಂದರೆ ಪೆಟ್ಟಿಗೆಯನ್ನು ಎತ್ತಲು ಪ್ರಯತ್ನಿಸಿದೆ. ಅದು ಮೇಲೆದ್ದಿತೋ ಇಲ್ಲವೋ ಆ ಮಾತಿನಿಂದ ತಿಳಿಯದು. ‘ಟ್ರೈ ರೀಸ್ಟಾರ್ಟಿಂಗ್ ದ ಫೋನ್’ ಎಂದರೆ ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ. ಅಲ್ಲಿ ಕೆಲಸ ಮಾಡುವುದು ಕಷ್ಟವಲ್ಲ, ಮಾಡಿದರೆ ಫಲ ಸಿಗುತ್ತದೆಯೇ ಎಂಬುದಷ್ಟೇ ಪರೀಕ್ಷೆ. ಕನ್ನಡದಲ್ಲಿ ‘ಮಾಡಿ ನೋಡು’ ಎನ್ನುವ ಕಡೆ ‘ಟ್ರೈ’ ನಂತರ ‘ಇಂಗ್’ ಬಳಸಿದರೆ ತಪ್ಪುವ ಸಂಭವ ಕಡಿಮೆ.

ಈ ಹೋಲಿಕೆಯ ಹಿಂದೆ ಒಂದು ಕಾರಣವೂ ಇದೆ. ‘ಟು’ ಎಂಬುದು ಮೂಲತಃ ‘ಕಡೆಗೆ’ ಎಂಬರ್ಥದ ಪ್ರಿಪೋಸಿಷನ್, ಅಂದರೆ ನಾಮಪದಕ್ಕೆ ಮುಂಚೆ ಬಂದು ಸಂಬಂಧ ತೋರಿಸುವ ಪದ. ಹಳೆಯ ಇಂಗ್ಲಿಷಿನಲ್ಲಿ ಅದರ ನಂತರ ಬರುತ್ತಿದ್ದ ಕ್ರಿಯಾರೂಪಕ್ಕೆ ಚತುರ್ಥಿಯನ್ನು ಹೋಲುವ ಪ್ರತ್ಯಯವಿತ್ತು. ನಮ್ಮ ‘ಓದಲಿಕ್ಕೆ’ಯ ಕೊನೆಯಲ್ಲಿರುವುದೂ ಚತುರ್ಥಿಯ ‘ಕ್ಕೆ’ಯೇ. ಆದುದರಿಂದ ಇನ್ನೂ ನಡೆಯದ, ಮುಂದೆ ನಡೆಯಬೇಕಾದ ಕೆಲಸದತ್ತ ಮುಖ ಮಾಡಿರುವ ‘ಹೋಪ್’, ‘ಡಿಸೈಡ್’, ‘ಪ್ರಾಮಿಸ್’, ‘ಅಗ್ರೀ’, ‘ರೆಫ್ಯೂಸ್’ ಮುಂತಾದವು ‘ಟು’ವನ್ನು ಬಯಸುತ್ತವೆ, ನಡೆಯುತ್ತಿರುವ ಅಥವಾ ನಡೆದುಹೋದ ಕೆಲಸವನ್ನು ಕುರಿತ ‘ಎಂಜಾಯ್’, ‘ಫಿನಿಶ್’, ‘ಅಡ್ಮಿಟ್’, ‘ಡಿನೈ’ ಮುಂತಾದವು ‘ಇಂಗ್’ ರೂಪವನ್ನು ಬಯಸುತ್ತವೆ. ಇದು ಒಲವು ಮಾತ್ರ. ಮುಂದಿನ ಕೆಲಸವನ್ನೇ ಕುರಿತಿದ್ದರೂ ‘ಪೋಸ್ಟ್‌ಪೋನ್’, ‘ಕನ್ಸಿಡರ್’, ‘ಸಜೆಸ್ಟ್’ ಎಂಬವು ‘ಇಂಗ್’ ಜೊತೆಗೇ ಬರುತ್ತವೆ. ‘ಬಿಗಿನ್’, ‘ಸ್ಟಾರ್ಟ್’, ‘ಕಂಟಿನ್ಯೂ’ಗಳಿಗೆ ಎರಡೂ ನಡೆಯುತ್ತದೆ, ಅರ್ಥವೂ ಹೆಚ್ಚು ಕಡಿಮೆ ಒಂದೇ.

ಪ್ರಿಪೋಸಿಷನ್ ನಂತರ ಕ್ರಿಯಾಪದ ಬಂದರೆ ಅದು ‘ಇಂಗ್’ ರೂಪದಲ್ಲಿರಬೇಕೆಂಬ ನಿಯಮ ಮಾತ್ರ ಭದ್ರವಾದುದು: ‘ಗುಡ್ ಅಟ್ ಡ್ರಾಯಿಂಗ್’, ‘ಬಿಫೋರ್ ಲೀವಿಂಗ್’. ತೊಡಕು ಇರುವುದು ‘ಟು’ ತಾನೇ ಪ್ರಿಪೋಸಿಷನ್ ಆಗಿ ನಿಂತಾಗ. ಉದ್ಯೋಗದ ಅರ್ಜಿಗಳ ಕೊನೆಯಲ್ಲಿ ‘ಐ ಲುಕ್ ಫಾರ್ವರ್ಡ್ ಟು ಮೀಟ್ ಯೂ’ ಎಂದು ಬರೆದಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅದು ‘ಮೀಟಿಂಗ್ ಯೂ’ ಎಂದಿರಬೇಕು. ಸಂದೇಹ ಬಂದಾಗ ‘ಟು’ ನಂತರ ಒಂದು ನಾಮಪದವನ್ನು ಇಟ್ಟು ನೋಡಿ. ‘ಲುಕ್ ಫಾರ್ವರ್ಡ್ ಟು ದ ಹಾಲಿಡೇಸ್’ ಎನ್ನಬಹುದು, ಆದ್ದರಿಂದ ಅಲ್ಲಿ ‘ಇಂಗ್’ ಬೇಕು. ‘ವಾಂಟ್ ಟು ದ ಹಾಲಿಡೇಸ್’ ಎನ್ನಲಾಗದು, ಆದ್ದರಿಂದ ಅಲ್ಲಿ ಮೂಲರೂಪ ಸಾಕು. ‘ಐ ಯೂಸ್ಡ್ ಟು ಡ್ರೈವ್’ (ಹಿಂದೆ ಓಡಿಸುತ್ತಿದ್ದೆ) ಮತ್ತು ‘ಐ ಆಮ್ ಯೂಸ್ಡ್ ಟು ಡ್ರೈವಿಂಗ್’ (ಓಡಿಸಿ ಅಭ್ಯಾಸವಿದೆ) ಎಂಬುವುಗಳ ವ್ಯತ್ಯಾಸವೂ ಇದೇ ಪರೀಕ್ಷೆಯಿಂದ ಬಗೆಹರಿಯುತ್ತದೆ.

ಕನ್ನಡದ ಆಸರೆ ಕೈಕೊಡುವ ಜಾಗಗಳೂ ಇವೆ. ನಾವು ಈಜುವುದನ್ನು ಕಲಿಯುತ್ತೇವೆ, ಇಂಗ್ಲಿಷಿನವರು ‘ಲರ್ನ್ ಟು ಸ್ವಿಮ್’ ಎನ್ನುತ್ತಾರೆ. ‘ಹೋಗಲು ಸೂಚಿಸಿದರು’ ಎಂಬ ನಮ್ಮ ಮಾತಿನ ಜಾಡಿನಲ್ಲಿ ‘ಹೀ ಸಜೆಸ್ಟೆಡ್ ಮೀ ಟು ಗೋ’ ಎಂದು ಬರೆಯುವುದು ಬಹು ಸಾಮಾನ್ಯವಾದ ತಪ್ಪು. ‘ಹೀ ಸಜೆಸ್ಟೆಡ್ ಗೋಯಿಂಗ್’ ಅಥವಾ ‘ಹೀ ಸಜೆಸ್ಟೆಡ್ ದಟ್ ಐ ಗೋ’ ಎಂಬುದು ಸರಿ. ‘ಲೆಟ್’ ಮತ್ತು ‘ಮೇಕ್’ಗಳ ನಂತರ ‘ಟು’ ಕೂಡ ಬೇಡ, ‘ಇಂಗ್’ ಕೂಡ ಬೇಡ: ‘ಶೀ ಮೇಡ್ ಮೀ ವೇಟ್’. ಆದರೆ ಅದೇ ವಾಕ್ಯವನ್ನು ಕರ್ಮಣಿಗೆ ತಿರುಗಿಸಿದೊಡನೆ ಬಿಟ್ಟುಹೋಗಿದ್ದ ‘ಟು’ ಮರಳಿ ಬರುತ್ತದೆ: ‘ಐ ವಾಸ್ ಮೇಡ್ ಟು ವೇಟ್’.